ಭೀಮಮ್ಮ ವಾಡಿಗೆ ಹೋಗುವುದನ್ನು ಬಿಡಲಿಲ್ಲ

ಅಣವೀರನನ್ನು ಮಣ್ಣು ಮಾಡಿ ಐದನೆಯ ದಿನಕ್ಕೆ ಭಾನುವಾರ ಬಂತು. ಭೀಮಮ್ಮ ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆಯುಟ್ಟು, ಭಂಕೂರದಿಂದ ಶಹಾಬಾದ ಸ್ಟೇಷನ್ನಿನ ಕಡೆಗೆ ನಡೆಯತೊಡಗಿದಳು. ಓಣಿಯ ಕಟ್ಟೆಯ ಮೇಲೆ ಕುಳಿತಿದ್ದವರು ಮಾತು ನಿಲ್ಲಿಸಿ ನೋಡಿದರು. ವಾಡಿಯ ಚರ್ಚಿಗೆ ಹೊರಟಿದ್ದಾಳೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಎಂಟು ವರ್ಷ ಅವಳು ಪ್ರತಿ ಭಾನುವಾರ ಇದೇ ದಾರಿಯಲ್ಲಿ ಹೋಗಿದ್ದಳು. ಆಗೆಲ್ಲ ಮುಂದೆ ಗಂಡ ಸಾಬಣ್ಣ ನಡೆಯುತ್ತಿದ್ದ, ಪಕ್ಕದಲ್ಲಿ ಮಗ ಅಣವೀರ ಇರುತ್ತಿದ್ದ. ಇವತ್ತು ಸಾಬಣ್ಣ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಇನ್ನೂ ಹೊಂಟಾಳಲ್ಲೋ ಇಕಿ," ಎಂದು ಕಟ್ಟೆಯ ಮೇಲಿನವರಲ್ಲಿ ಯಾರೋ ಅಂದರು. ದನಿಯಲ್ಲಿ ಕುಹಕವಿರಲಿಲ್ಲ, ಬರೀ ಆಶ್ಚರ್ಯವಿತ್ತು.

ಆ ಆಶ್ಚರ್ಯ ಭೀಮಮ್ಮನಿಗೂ ಇತ್ತು. ಕಾಲುಗಳು ತಾವಾಗಿಯೇ ಹೊರಟಿದ್ದವು. ಅವಳು ಚರ್ಚಿಗೆ ಹೋಗಲು ಶುರುಮಾಡಿದ್ದೇ ಆ ಮಗನ ಸಲುವಾಗಿ.

ಅವರದು ಕಾಗಿಣಾ ಹೊಳೆಯ ದಂಡೆಯ ಮನೆತನ. ಅಜ್ಜಂದಿರು ಮೀನು ಹಿಡಿದು, ದೋಣಿ ನಡೆಸಿ ಬದುಕಿದವರು. ಸೇತುವೆಗಳಾದ ಮೇಲೆ ದೋಣಿಗೆ ಕೆಲಸವಿಲ್ಲದಾಯಿತು. ಸಾಬಣ್ಣ ಮದುವೆಯಾದ ಹೊಸದರಲ್ಲೇ ಭಂಕೂರಕ್ಕೆ ಬಂದು ನೆಲಕ್ಕೆ ಹಾಸುವ ಫರ್ಶಿ ಕಲ್ಲಿನ ಖಣಿಯಲ್ಲಿ ಕಲ್ಲು ಎಬ್ಬಿಸುವ ಕೆಲಸ ಹಿಡಿದ. ಭೀಮಮ್ಮನಿಗೆ ಪಾಲಿಶ್ ಮಷೀನಿನ ಹತ್ತಿರ ಕಲ್ಲು ತೊಳೆದು ಹೊರುವ ಕೆಲಸ. ಎರಡು ಸಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಮೂರನೆಯ ಬಸಿರಲ್ಲಿ ಉಳಿದವನು ಅಣವೀರ, ಒಬ್ಬನೇ.

ಅವನಿಗೆ ಹನ್ನೆರಡು ವರ್ಷವಾಗಿದ್ದಾಗ ಮಿದುಳು ಜ್ವರ ಬಂತು. ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಐದು ದಿನ ಕಣ್ಣು ತೆರೆಯಲಿಲ್ಲ. ಬೇಕಾದವರಿಗೆ ತಿಳಿಸಿಬಿಡಿ ಎಂದು ಡಾಕ್ಟರು ಸಾಬಣ್ಣನನ್ನು ಪಕ್ಕಕ್ಕೆ ಕರೆದು ಹೇಳಿದರು. ಅದೇ ವಾರ್ಡಿನಲ್ಲಿ ವಾಡಿಯ ರತ್ನಮ್ಮ ಎಂಬ ಮುದುಕಿ ಇದ್ದಳು. ಅವಳ ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ದಿನಾ ಸಂಜೆ ಅವಳು ಗಂಡನ ಮಂಚದ ಪಕ್ಕ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದಳು. ಐದನೆಯ ಸಂಜೆ ತನ್ನ ಪ್ರಾರ್ಥನೆ ಮುಗಿಸಿ ಭೀಮಮ್ಮನ ಕಡೆ ತಿರುಗಿ, "ನಿನ್ನ ಮಗನ ಸಲುವಾಗಿನೂ ಮಾಡ್ಲೇನವ್ವಾ?" ಎಂದು ಕೇಳಿದಳು. ಭೀಮಮ್ಮ ತಲೆಯಾಡಿಸಿದಳು. ಆ ಹೊತ್ತಿನಲ್ಲಿ ಯಾರು ಯಾವ ದೇವರ ಹೆಸರು ಹೇಳಿದ್ದರೂ ಅವಳು ಹೂಂ ಅನ್ನುತ್ತಿದ್ದಳು. ಮರುದಿನ ಬೆಳಿಗ್ಗೆ ಅಣವೀರ ಕಣ್ಣು ತೆರೆದು ನೀರು ಕೇಳಿದ.

ಅದೇ ವರ್ಷ ಮೂವರಿಗೂ ಕಾಗಿಣಾದಲ್ಲಿ ದೀಕ್ಷಾಸ್ನಾನವಾಯಿತು. ವಾಡಿಯ ಪಾಸ್ಟರ್ ಶಾಂತಪ್ಪನವರು ಹೆಸರು ಬದಲಿಸಲಿಲ್ಲ. "ನಿಮ್ಮ ಹೆಸರ ಹಿಡಿದೇ ದೇವರು ನಿಮ್ಮನ್ನ ಕರದಾನ, ಅದೇ ಇರಲಿ," ಎಂದರು. ಸಾಬಣ್ಣನ ಅಣ್ಣತಮ್ಮಂದಿರು ಸಿಟ್ಟಾದರು. ಹಬ್ಬಕ್ಕೆ ಕರೆಯುವುದು ನಿಂತಿತು. "ಅವರು ನಿಮಗ ಏನ್ ಕೊಟ್ಟಾರ?" ಎಂದು ಹಿರಿಯಣ್ಣ ಒಮ್ಮೆ ಸಂತೆಯಲ್ಲಿ ಎಲ್ಲರೆದುರು ಕೇಳಿದಾಗ ಸಾಬಣ್ಣ ಅಣವೀರನ ಹೆಗಲ ಮೇಲೆ ಕೈಯಿಟ್ಟು, "ಇವನ್ನ ಕೊಟ್ಟಾರ," ಎಂದಿದ್ದ.

ಅಣವೀರ ಬೆಳೆದು ಫರ್ಶಿ ಸಾಗಿಸುವ ಟ್ರ್ಯಾಕ್ಟರ್ ಓಡಿಸತೊಡಗಿದ. ಚರ್ಚಿನಲ್ಲಿ ಢೋಲಕ್ ಬಾರಿಸುತ್ತಿದ್ದ. ಭೀಮಮ್ಮನಿಗೆ ಓದು ಬರುತ್ತಿರಲಿಲ್ಲ, ಆದರೆ ಪ್ರಾರ್ಥನೆ ಬಾಯ್ತುಂಬ ಬರುತ್ತಿತ್ತು. ಯಾರ ಮನೆಯಲ್ಲಿ ಜಡ್ಡಾದರೂ ಶಾಂತಪ್ಪನವರು, "ಭೀಮಮ್ಮ ಪ್ರಾರ್ಥನೆ ಮಾಡ್ಲಿ," ಎನ್ನುತ್ತಿದ್ದರು. ಅವಳು ಎದುರಿಗೆ ಕುಳಿತವರ ಜೊತೆ ಮಾತಾಡಿದ ಹಾಗೆ ದೇವರ ಜೊತೆ ಮಾತಾಡುತ್ತಿದ್ದಳು.

ಎಂಟನೆಯ ವರ್ಷದ ಬೇಸಿಗೆಯಲ್ಲಿ ಭಂಕೂರದ ನಲ್ಲಿಗಳು ಒಣಗಿದವು. ಹೆಂಗಸರು ಬಟ್ಟೆ ಒಗೆಯಲು ಊರಾಚೆಯ ಬಿಟ್ಟ ಖಣಿಗೆ ಹೋಗತೊಡಗಿದರು. ಕಲ್ಲು ತೆಗೆದು ಬಿಟ್ಟ ಆಳದ ಗುಂಡಿ ಅದು, ಮಳೆನೀರು ನಿಂತು ಹಸಿರಾಗಿತ್ತು. ಗೋಡೆಯಂಥ ದಂಡೆಗಳ ನಡುವೆ ಒಂದೆಡೆ ಮಾತ್ರ ಇಳಿಯಲು ಜಾಗವಿತ್ತು. ಭೀಮಮ್ಮನ ಮಗ್ಗುಲ ಮನೆ ಇಮಾಮ್ಬೀಯದು. ಎರಡು ಮನೆಗೂ ಒಂದೇ ಗೋಡೆ. ಇಮಾಮ್ಬೀಯ ಸೊಸೆ ಜಬೀನ್ ಚಿತ್ತಾಪುರದಿಂದ ಮದುವೆಯಾಗಿ ಬಂದು ಇನ್ನೂ ವರ್ಷವಾಗಿರಲಿಲ್ಲ. ಒಂದು ಮಧ್ಯಾಹ್ನ ಅವಳು ಒಬ್ಬಳೇ ಬಟ್ಟೆ ಒಗೆಯುತ್ತಿದ್ದಾಗ ಪಾಚಿಯ ಮೇಲೆ ಕಾಲು ಜಾರಿ ನೀರಿಗೆ ಬಿದ್ದಳು. ಮೇಲಿನ ದಾರಿಯಲ್ಲಿ ಟ್ರ್ಯಾಕ್ಟರ್ ತರುತ್ತಿದ್ದ ಅಣವೀರ ಅವಳು ಕಿರುಚಿದ್ದು ಕೇಳಿ ಗಾಡಿ ನಿಲ್ಲಿಸಿ ಹಾರಿದ. ನದಿ ದಂಡೆಯ ರಕ್ತ, ಈಜು ಅವನಿಗೆ ಹೊಸದಲ್ಲ. ಜಬೀನಳನ್ನು ದಂಡೆಯ ಕಲ್ಲಿಗೆ ಮುಟ್ಟಿಸಿದ. ಆದರೆ ಅವನ ಕಾಲು ನೀರಿನೊಳಗೆ ಬಿದ್ದಿದ್ದ ಹಳೆಯ ತಂತಿಹಗ್ಗದಲ್ಲಿ ಸಿಕ್ಕಿಕೊಂಡಿತು. ಜನ ಬಂದು ಅವನನ್ನು ಮೇಲೆ ತರುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಅವನಿಗೆ ಇಪ್ಪತ್ತು ವರ್ಷ.

ಅವನಿಲ್ಲದ ಆ ಮೊದಲ ಭಾನುವಾರ ವಾಡಿಯ ಚರ್ಚಿನಲ್ಲಿ ಹದಿನೈದು ಜನರಿದ್ದರು. ಭೀಮಮ್ಮ ಎಂದಿನ ಜಾಗದಲ್ಲಿ ಕುಳಿತಳು. ಹಾಡು ಶುರುವಾದಾಗ ಬಾಯಿ ತೆರೆದಳು, ದನಿ ಬರಲಿಲ್ಲ. ಶಾಂತಪ್ಪನವರು ಉಪದೇಶದ ಪ್ರಸಂಗಕ್ಕೆ ನಿಂತರು. ಒಳ್ಳೆಯ ಮನುಷ್ಯ ಅವರು, ಅಣವೀರನ ಹೆಣದ ಮುಂದೆ ಅತ್ತವರು. ಅವಳಿಗೆ ಸಮಾಧಾನವಾಗಲಿ ಎಂದೇ ಮಾತು ತೆಗೆದರು. ನಮ್ಮ ಅಣವೀರ ಬೇರೆಯವರ ಸಲುವಾಗಿ ಪ್ರಾಣ ಕೊಟ್ಟ, ಯೇಸುವಿನ ದಾರಿಯಲ್ಲೇ ಹೋದ, ಕಡೆಯ ಉಸಿರಿನಲ್ಲಿ ಅವನ ಬಾಯಲ್ಲಿ ಕರ್ತನ ಹೆಸರೇ ಇದ್ದಿರಬೇಕು, ಇಂಥ ಮಗನನ್ನು ಹೆತ್ತ ತಾಯಿ ಧನ್ಯಳು ಎಂದರು. ಹಿಂದಿನ ಬೆಂಚಿನಿಂದ ಯಾರೋ "ಸ್ತೋತ್ರ" ಎಂದರು.

ಭೀಮಮ್ಮ ಎದ್ದು ನಿಂತಳು.

"ಸಾಕ್ರಿ," ಎಂದಳು. "ನನ್ನ ಮಗನ್ನ ಪ್ರಸಂಗ ಮಾಡಬ್ಯಾಡ್ರಿ."

ಸೆರಗು ಎಳೆದುಕೊಂಡು ಹೊರಗೆ ನಡೆದಳು. ಶಾಂತಪ್ಪನವರು ಹಿಂದೆಯೇ ಬಂದರು. "ತಪ್ಪಾಯ್ತವ್ವ," ಎಂದರು, "ಏನರೇ ಹೇಳಬೇಕಂತ ಹೇಳಿಬಿಟ್ಟೆ." ಅವಳು ಅವರ ಮುಖ ನೋಡದೆ ಸ್ಟೇಷನ್ನಿನ ಬೆಂಚಿನ ಮೇಲೆ ಹೋಗಿ ಕುಳಿತಳು. ಪ್ಯಾಸೆಂಜರ್ ಬರಲು ಎರಡು ತಾಸು ಇತ್ತು. ಸಿಮೆಂಟಿನ ಗೂಡ್ಸ್ ಗಾಡಿಗಳು ಒಂದರ ಹಿಂದೊಂದು ಹೋದವು. ಅವಳು ಡಬ್ಬಿಗಳನ್ನು ನೋಡುತ್ತ ಕುಳಿತಳು.

ಮುಂದಿನ ಭಾನುವಾರ ಅವಳು ಮತ್ತೆ ವಾಡಿಗೆ ಹೋದಳು.

ಸಾಬಣ್ಣ ಎರಡು ತಿಂಗಳು ತಡೆದುಕೊಂಡ. ಒಂದು ಬೆಳಿಗ್ಗೆ ಗೋಡೆಯ ಮೇಲಿದ್ದ ಶಿಲುಬೆಯ ಪಟ ತೆಗೆದು, ಎಸೆಯಲು ಮನಸ್ಸಾಗದೆ, ಮಡಚಿದ ಕಂಬಳಿಯ ಕೆಳಗಿಟ್ಟ. ಭೀಮಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಅಣ್ಣ ಬಾ ಅಂದಾನ," ಎಂದ. "ಕೋಡ್ಲಾದಾಗ ಸಿಮೆಂಟ್ ಕಂಪನಿಯಾಗ ಕೆಲಸ ಕೊಡಸ್ತೀನಿ ಅಂತಾನ. ಕುಲದ ದೇವರಿಗಿ ತಪ್ಪಾಯ್ತಂತ ಕಾಯಿ ಕೊಟ್ರ ಎಲ್ಲಾ ಮೊದಲಿನಂಗ ಆಗ್ತದಂತ. ನೀನೂ ಬಾ."

ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವಿದಳು.

"ನಾ ಸಿಟ್ಟಿಲೆ ಹೇಳಾಕತ್ತಿಲ್ಲ. ನೀನೇ ಹೇಳು. ಯಾಕ ನಂಬಿದ್ವಿ ನಾವು? ಹುಡುಗ ಉಳದಾನಂತ ನಂಬಿದ್ವಿ. ಈಗ ಹುಡುಗ ಎಲ್ಲಿ? ಎಂಟ್ ವರ್ಷ ಬೆಳಸಿ ಹಿಂದಕ್ಕ ಕಸ್ಗೊಳ್ಳಾಕ ಕೊಟ್ಟಿದ್ನೇನು? ಅದಕ್ಕಿಂತ ಅವತ್ತೇ ದವಾಖಾನ್ಯಾಗ…" ಮಾತು ಮುಗಿಸಲಾಗದೆ ಅವನು ಕೆಮ್ಮಿದ. ಕಲ್ಲಿನ ಧೂಳು ತುಂಬಿದ ಕೆಮ್ಮು, ನಿಲ್ಲಲು ಹೊತ್ತು ಹಿಡಿಯಿತು.

ಭೀಮಮ್ಮ ನೀರು ತಂದುಕೊಟ್ಟಳು. "ನನಗ ಗೊತ್ತಿಲ್ರಿ," ಎಂದಳು. "ಆದ್ರ ನಾ ಬರಂಗಿಲ್ಲ."

"ಒಬ್ಬಾಕಿ ಇರ್ತೀಯೇನು?"

"ಇರ್ತೀನಿ."

ಅವನು ಆ ಮಧ್ಯಾಹ್ನ ಹೋದ. ಜಗಳವಾಗಲಿಲ್ಲ. ಬಸ್ಸಿಗೆ ಹೋಗುವ ಮುಂಚೆ ನೀರಿನ ಹಂಡೆ ತುಂಬಿಸಿಟ್ಟು ಹೋದ.

ಆಮೇಲೆ ಅವಳು ಒಬ್ಬಳೇ ಆದಳು. ದಿನಾ ಪಾಲಿಶ್ ಮಷೀನಿಗೆ ಹೋಗಿ ಬಿಳಿಯ ರಾಡಿಯಲ್ಲಿ ನಿಂತು ಕಲ್ಲು ತೊಳೆದು ಬರುತ್ತಿದ್ದಳು. ತನಗಾಗಿ ಎರಡು ರೊಟ್ಟಿ ಮಾಡುವುದೇ ದೊಡ್ಡ ಕೆಲಸವೆನಿಸುತ್ತಿತ್ತು. ಸಾಬಣ್ಣನ ಕಡೆಯವರು ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದರು. ಗಂಡನನ್ನು ಬಿಟ್ಟಳು, ದೇವರನ್ನು ಬಿಡಲಿಲ್ಲ ಎಂದು ಅವರ ದೂರು. ಚರ್ಚಿನವರದು ಬೇರೆ ಮಾತು. ಭೀಮಮ್ಮ ಮೊದಲಿನಂತಿಲ್ಲ, ಹಾಡುವುದಿಲ್ಲ, ಪ್ರಾರ್ಥನೆ ಮಾಡು ಅಂದರೆ ತಲೆ ಅಲ್ಲಾಡಿಸುತ್ತಾಳೆ, ವಿಶ್ವಾಸ ಕಮ್ಮಿಯಾಗಿದೆ ಎಂದು ಒಬ್ಬಿಬ್ಬರು ಅಂದುಕೊಂಡರು. ಅದು ಅವಳ ಕಿವಿಗೂ ಬಿತ್ತು.

ಪ್ರಾರ್ಥನೆ ನಿಂತುಹೋದದ್ದು ನಿಜ. ಬೆಳಿಗ್ಗೆ ಎದ್ದು ಮೊಣಕಾಲೂರುತ್ತಿದ್ದಳು, "ಯಪ್ಪಾ" ಎನ್ನುತ್ತಿದ್ದಳು. ಮುಂದಿನ ಮಾತು ಬರುತ್ತಿರಲಿಲ್ಲ. ಏನು ಕೇಳುವುದು? ಕೇಳಲು ಇದ್ದದ್ದೇ ಒಂದು, ಅದು ಇನ್ನು ಸಿಗುವಂಥದ್ದಲ್ಲ. ಸಿಟ್ಟು ಮಾಡೋಣವೆಂದರೆ ಅದಕ್ಕೂ ಬಾಯಿ ಏಳುತ್ತಿರಲಿಲ್ಲ. ಹಾಗೇ ಎದ್ದು ಕೆಲಸಕ್ಕೆ ಹೋಗುತ್ತಿದ್ದಳು. ಕಂಬಳಿಯ ಕೆಳಗಿನ ಪಟವನ್ನು ಮತ್ತೆ ಗೋಡೆಗೆ ಹಾಕಿದ್ದಳು.

ಎಲ್ಲಕ್ಕಿಂತ ಅವಳನ್ನು ಕಾಡಿದ್ದು ಮಗ್ಗುಲ ಮನೆ. ಇಪ್ಪತ್ತು ವರ್ಷ ಇಮಾಮ್ಬೀ ಮತ್ತು ಅವಳು ಗೋಡೆಯಾಚೆಯಿಂದ ಕೂಗಿ ಮಾತಾಡಿದವರು, ಪುಂಡಿಪಲ್ಯ ಖಾರಬ್ಯಾಳಿ ಕೊಟ್ಟು ತಂದವರು. ಅಣವೀರ ಹೋದ ದಿನದಿಂದ ಇಮಾಮ್ಬೀ ಹೊರಗೆ ಕಾಣುವುದೇ ನಿಂತಿತು. ಭೀಮಮ್ಮ ಅಂಗಳಕ್ಕೆ ಬಂದರೆ ಆಕೆ ಒಳಗೆ ಸರಿಯುತ್ತಿದ್ದಳು. ಊರಲ್ಲಿ ಕೆಟ್ಟ ಮಾತೂ ಹುಟ್ಟಿತ್ತು. ಬೇರೆಯವರ ಹೆಂಡತಿಯ ಸಲುವಾಗಿ ಜೀವ ಕೊಡುವಷ್ಟು ಏನಿತ್ತು ಎಂದು ಚಹಾದಂಗಡಿಯಲ್ಲಿ ಯಾರೋ ಅಂದರು. ಅದು ಇಮಾಮ್ಬೀಯ ಮಗ ಫೈಜಾನನ ಕಿವಿಗೆ ಬಿತ್ತು. ಲಾರಿ ಗ್ಯಾರೇಜಿನಲ್ಲಿ ಕೆಲಸ ಮಾಡುವ ಅವನು ಮರುದಿನವೇ ಜಬೀನಳನ್ನು ಚಿತ್ತಾಪುರದ ತವರಿಗೆ ಬಿಟ್ಟುಬಂದ. ಆಗ ಅವಳು ಮೂರು ತಿಂಗಳ ಬಸುರಿ.

ಮಳೆಗಾಲದಲ್ಲಿ ಭೀಮಮ್ಮ ನಾಲ್ಕು ದಿನ ಜ್ವರ ಬಂದು ಮಲಗಿದಳು. ಕೆಲಸದ ಕಡೆಯಿಂದ ಯಾರೂ ಕೇಳಿಕೊಂಡು ಬರಲಿಲ್ಲ. ವಾಡಿಯವರಿಗೆ ಗೊತ್ತಾಗುವ ದಾರಿಯಿರಲಿಲ್ಲ. ಎರಡನೆಯ ದಿನ ಬಾಗಿಲಾಚೆ ಸಪ್ಪಳವಾಯಿತು. ಎದ್ದು ನೋಡಿದರೆ ಹೊಸ್ತಿಲ ಮೇಲೆ ಸ್ಟೀಲಿನ ಡಬ್ಬಿಯಲ್ಲಿ ಬಿಸಿ ಗಂಜಿ. ಯಾರೂ ಇರಲಿಲ್ಲ. ಡಬ್ಬಿ ಯಾರದೆಂದು ಅವಳಿಗೆ ಗೊತ್ತಿತ್ತು. ಕುಡಿದು, ತೊಳೆದು, ನಡುಗೋಡೆಯ ಮೇಲಿಟ್ಟಳು. ಹೀಗೆ ಮೂರು ದಿನ ನಡೆಯಿತು. ಜ್ವರ ಬಿಟ್ಟ ಮೇಲೆ ಗೋಡೆಯ ಹತ್ತಿರ ಹೋಗಿ, "ಇಮಾಮ್ಬೀ ಅಕ್ಕಾ," ಎಂದು ಕರೆದಳು. ಆಚೆ ಕಡೆ ಉಸಿರು ಬಿಗಿಹಿಡಿದು ಯಾರೋ ನಿಂತಂತಾಯಿತು.

ಜ್ವರದಲ್ಲಿ ಮಲಗಿದ್ದಾಗಲೇ ಅವಳಿಗೆ ರತ್ನಮ್ಮನ ನೆನಪಾದದ್ದು. ಅಣವೀರ ಕಣ್ಣು ತೆರೆದ ಬೆಳಿಗ್ಗೆಯೇ ರತ್ನಮ್ಮನ ಗಂಡ ತೀರಿಹೋಗಿದ್ದ. ಆ ಸಂಭ್ರಮದಲ್ಲಿ ಭೀಮಮ್ಮ ಅದನ್ನು ಸರಿಯಾಗಿ ಲಕ್ಷ್ಯಕ್ಕೇ ತಂದುಕೊಂಡಿರಲಿಲ್ಲ. ಹೆಣ ಒಯ್ಯುವ ಗಾಡಿ ಬರುವ ಮುಂಚೆ ಮುದುಕಿ ಅಣವೀರನ ಮಂಚದ ಹತ್ತಿರ ಬಂದು, ನಗುತ್ತ ಅವನ ಹಣೆ ಮುಟ್ಟಿ, "ಛಲೋ ಆಯ್ತು ಮಗಾ," ಎಂದಿದ್ದಳು. ಒಂದೇ ಸಂಜೆ ಮಾಡಿದ ಎರಡು ಪ್ರಾರ್ಥನೆ. ಒಂದಕ್ಕೆ ಹೌದು, ಒಂದಕ್ಕೆ ಇಲ್ಲ. ಆ ಇಲ್ಲವನ್ನು ಎದೆಯಲ್ಲಿಟ್ಟುಕೊಂಡು ಅವಳು ಹೇಗೆ ಬಂದು ನಕ್ಕಳು? ಕೇಳಲು ರತ್ನಮ್ಮನೂ ಈಗ ಇರಲಿಲ್ಲ. ಜ್ವರದ ಕಣ್ಣಿನಲ್ಲಿ ಛಾವಣಿಯ ಹಾಸುಗಲ್ಲುಗಳನ್ನು ನೋಡುತ್ತ ಭೀಮಮ್ಮ ಅದನ್ನೇ ಯೋಚಿಸಿದಳು. ಎಂಟು ವರ್ಷ ತಾನು ನಂಬಿದ್ದು ಮಗನನ್ನೋ ದೇವರನ್ನೋ ಎಂಬುದು ಅವಳಿಗೆ ಬಗೆಹರಿಯಲಿಲ್ಲ.

ಮತ್ತೊಂದು ಬೇಸಿಗೆ ಕಳೆಯಿತು. ಕ್ರಿಸ್ಮಸ್ಸಿಗೆ ಅವಳು ಮನೆಯ ಮೇಲೆ ನಕ್ಷತ್ರ ಕಟ್ಟಿರಲಿಲ್ಲ. ಈಸ್ಟರಿಗೆ ಶಹಾಬಾದದ ಗೋರಿಗಳ ನಡುವೆ ಅಣವೀರನ ಮಣ್ಣಿನ ದಿಬ್ಬದ ಹತ್ತಿರ ಒಬ್ಬಳೇ ಕುಳಿತು ಬಂದಿದ್ದಳು. ವಾಡಿಯ ಸಭೆಯೂ ಸಣ್ಣದಾಗುತ್ತಿತ್ತು. ರೈಲ್ವೆಯ ಎರಡು ಮನೆಯವರು ನಿವೃತ್ತಿಯಾಗಿ ಊರು ಬಿಟ್ಟರು. ಭೀಮಮ್ಮ ಮಾತ್ರ ಒಂದು ಭಾನುವಾರವೂ ತಪ್ಪಿಸಲಿಲ್ಲ. ಹೋಗಿ ಸುಮ್ಮನೆ ಕುಳಿತು ಬರುತ್ತಿದ್ದಳು. ಶಾಂತಪ್ಪನವರು ಈಗ ಅವಳನ್ನು ಏನೂ ಕೇಳುತ್ತಿರಲಿಲ್ಲ. "ಬಂದ್ಯವ್ವಾ?" ಎಂದಷ್ಟೇ ಅನ್ನುತ್ತಿದ್ದರು.

ಜುಲೈ ತಿಂಗಳ ಒಂದು ಮಧ್ಯಾಹ್ನ, ಮಳೆಯಿಂದ ಮಷೀನು ನಿಂತಿದ್ದ ದಿನ, ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಬಗಲಲ್ಲಿ ಕೂಸು, ಕೈಯಲ್ಲಿ ಬಟ್ಟೆಯ ಚೀಲ, ಮೈಯೆಲ್ಲ ತೊಯ್ದಿತ್ತು.

"ಕಾಕಿ, ಒಳಗ ಬರಲೇನು?"

ಜಬೀನ್. ಇವಳು ಎದುರಿಗೆ ಬಂದರೆ ತನ್ನ ಬಾಯಿಂದ ಏನು ಬರುವುದೋ ಎಂದು ಭೀಮಮ್ಮ ಹದಿನಾಲ್ಕು ತಿಂಗಳು ಹೆದರಿದ್ದಳು. ಬಂದದ್ದು ಇಷ್ಟೇ: "ಕೂಸು ತೊಯ್ಯಾಕತ್ತದ. ಬಾ, ಕೂಡು."

ಟವೆಲ್ ಕೊಟ್ಟಳು. ಜಬೀನ್ ಬಾಗಿಲ ಹತ್ತಿರವೇ ಕುಳಿತು ಕೂಸಿನ ತಲೆ ಒರೆಸಿದಳು. ಹೆಣ್ಣುಕೂಸು, ಏಳು ತಿಂಗಳದ್ದು. ಭೀಮಮ್ಮ ಚಹಾಕ್ಕೆ ಇಟ್ಟಳು.

"ನಿಮ್ಮ ಮುಖ ನೋಡ್ಲಾಕ ನನಗ ಧೈರ್ಯ ಆಗಿರ್ಲಿಲ್ಲ ಕಾಕಿ," ಎಂದಳು ಜಬೀನ್. "ಮನ್ನಿ ಕೂಸಿಗಿ ಭಾಳ ಆರಾಮ ಇರ್ಲಿಲ್ಲ. ಎಲ್ಲಿ ಹೋಗ್ತದೋ ಅಂತ ಮಡಿಲಾಗ ಇಟಗೊಂಡು ಕುಂತಿದ್ದೆ. ಆವಾಗ ನೀವೇ ನೆನಪಾದ್ರಿ. ಬರದೇ ಇರ್ಲಿಕ್ಕ ಆಗ್ಲಿಲ್ಲ."

ಭೀಮಮ್ಮ ಚಹಾದ ಬಟ್ಟಲು ಅವಳ ಮುಂದಿಟ್ಟಳು. ಒಂದು ಮಾತು ಅವಳನ್ನು ಬಹಳ ದಿನದಿಂದ ಕಾಡುತ್ತಿತ್ತು. ಕೇಳಬಹುದಾದವಳು ಇವಳೊಬ್ಬಳೇ.

"ನೀ ನೀರಾಗ ಅವನ ಹಂತೇಕ ಇದ್ದಿ," ಎಂದಳು. "ಕಡೀಗಿ ಏನಂದ ಅವ? ದೇವರ ಹೆಸರ ತಗೊಂಡನೇನು?"

ಜಬೀನ್ ತಲೆ ತಗ್ಗಿಸಿದಳು. "ಹೌದು ಅಂದ್ರ ನಿಮಗ ಸಮಾಧಾನ ಆಗ್ತದಂತ ನನಗ ಗೊತ್ತದ."

"ಖರೇ ಹೇಳು."

"ಇಲ್ಲ ಕಾಕಿ. ತಗೋಲಿಲ್ಲ." ಅವಳು ಕೂಸನ್ನು ಮಡಿಲಿಗೆ ಎಳೆದುಕೊಂಡಳು. "'ಭಾಬಿ, ಕಲ್ಲು ಹಿಡಕೋರಿ, ಬಿಡಬ್ಯಾಡ್ರಿ' ಅಂತ ಹೇಳ್ಕೋತ ನನ್ನ ದಬ್ಬಿದ. ನಾ ಹಿಡಕೊಂಡೆ. ತಿರುಗಿ ನೋಡಿದ್ರ ಅವನ ಮುಖ ಅಷ್ಟೇ ನೀರ ಮ್ಯಾಲ ಇತ್ತು. ಕಾಲು ಎಳಕೋಳಾಕ ನೋಡಾಕತ್ತಿದ್ದ. ಒಮ್ಮೆ 'ಯವ್ವಾ' ಅಂದ. ಅಷ್ಟೇ."

ಹೊರಗೆ ಹಾಸುಗಲ್ಲಿನ ಮೇಲೆ ಮಳೆ ಬೀಳುತ್ತಿತ್ತು. ಭೀಮಮ್ಮನ ಹೊಟ್ಟೆಯೊಳಗಿಂದ ಒಂದು ದನಿ ಬಂತು. ಮಣ್ಣು ಮಾಡಿದ ದಿನ ಬರದ ಅಳು, ಚರ್ಚಿನಲ್ಲಿ ಬರದ ಅಳು ಈಗ ಬಂತು. ತನ್ನ ಮಗ ಯಾವ ದೊಡ್ಡ ಮಾತೂ ಆಡಿರಲಿಲ್ಲ. ಹೆದರಿದ್ದ, ತಾಯಿಯನ್ನು ಕರೆದಿದ್ದ. ಪ್ರಸಂಗದಲ್ಲಿ ಕಳೆದುಹೋಗಿದ್ದ ಹುಡುಗ ಅವಳಿಗೆ ಮರಳಿ ಸಿಕ್ಕಂತಾಗಿ ಅವಳು ನೆಲಕ್ಕೆ ಕೈಯೂರಿ ಅತ್ತಳು. ಜಬೀನ್ ಕೂಸನ್ನು ಕೆಳಗೆ ಬಿಟ್ಟು ಹತ್ತಿರ ಸರಿದು ಅವಳ ಬೆನ್ನ ಮೇಲೆ ಕೈಯಿಟ್ಟಳು. ಕೂಸು ಇಬ್ಬರನ್ನೂ ನೋಡುತ್ತ ತಾನೂ ಅಳತೊಡಗಿತು.

ಅಳು ನಿಂತ ಮೇಲೆ ಭೀಮಮ್ಮ ಮುಖ ತೊಳೆದುಕೊಂಡಳು. "ಮಗ್ಗುಲ ಮನಿಗಿ ಹೋಗಿ ಬಂದಿಯೇನು?"

"ಇಲ್ಲ. ಅವರು ಕರದಿಲ್ಲ. ಕೂಸು ಹುಟ್ಟಿದಾಗ ಒಮ್ಮೆ ಬಂದು ನೋಡಿ ಹೋದ್ರು. ಮತ್ತ ಬಂದಿಲ್ಲ. ಸಂಜೀ ಗಾಡಿಗಿ ಚಿತ್ತಾಪುರಕ್ಕ ವಾಪಸ್ ಹೋಗ್ತೀನಿ."

ಭೀಮಮ್ಮ ಕೂಸನ್ನು ಎತ್ತಿಕೊಂಡಳು. "ಏಳು," ಎಂದಳು.

ಇಮಾಮ್ಬೀಯ ಬಾಗಿಲನ್ನು ಅವಳು ತಟ್ಟಲಿಲ್ಲ, ದೂಡಿದಳು. ಮಳೆಯ ಕಾರಣ ಫೈಜಾನನೂ ಮನೆಯಲ್ಲೇ ಇದ್ದ. ತನ್ನ ಕೂಸನ್ನು ಬಗಲಲ್ಲಿ ಎತ್ತಿಕೊಂಡು, ತನ್ನ ಹೆಂಡತಿಯನ್ನು ಹಿಂದೆ ಕರೆದುಕೊಂಡು ಬಂದು ನಿಂತ ಭೀಮಮ್ಮನನ್ನು ಕಂಡು ಅವನು ಎದ್ದು ನಿಂತ. ಮೂಲೆಯಲ್ಲಿದ್ದ ಇಮಾಮ್ಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಫೈಜಾನ್," ಎಂದಳು ಭೀಮಮ್ಮ. "ನೀ ಸಣ್ಣಂವ ಇದ್ದಾಗ ನನ್ನ ಮನ್ಯಾಗ ಉಂಡಂವ. ಅಣವೀರ ನಿನ್ನ ಬೆನ್ನಿಗಿ ಬಿದ್ದು ಬೆಳದಂವ. ಅವ ಹ್ಯಾಂಗ ಇದ್ದ ಅಂತ ನಿನಗ ಗೊತ್ತಿಲ್ಲೇನು?"

"ಗೊತ್ತದ ಕಾಕಿ," ಎಂದ ಅವನು ನೆಲ ನೋಡುತ್ತ. "ಮಂದಿ…"

"ಮಂದಿ ಅಲ್ಲಿ ನೀರಾಗ ಇರ್ಲಿಲ್ಲ. ನನ್ನ ಮಗ ಇದ್ದ. ಅವ ದಂಡಿಗಿ ಹಚ್ಚಿದ ಹೆಣ್ಣಮಗಳನ್ನ ನೀ ಮತ್ತ ನೀರಿಗಿ ನೂಕಬ್ಯಾಡ. ಹಂಗ ಮಾಡಿದ್ರ ನನ್ನ ಮಗ ಸುಮ್ ಸುಮ್ನ ಸತ್ತಂಗ ಆಗ್ತದ."

ಫೈಜಾನ್ ಕೈ ಚಾಚಿದ. ಭೀಮಮ್ಮ ಕೂಸನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಎತ್ತಿಕೊಳ್ಳುವ ರೀತಿಯೇ ತಿಳಿಯದಂತೆ ಎರಡೂ ಕೈಯಲ್ಲಿ ಹಿಡಿದು ನಿಂತ. ಇಮಾಮ್ಬೀ ಮೊಣಕಾಲು ಹಿಡಿದುಕೊಂಡು ಎದ್ದು ಬಂದು ಭೀಮಮ್ಮನ ಎರಡೂ ಕೈ ಹಿಡಿದಳು. "ನಾ ನಿನಗ ಯಾವ ಬಾಯಿಲೆ ಮಾತಾಡ್ಸಲಿ?" ಎಂದಳು. "ನಮ್ಮ ಮನಿ ಉಳೀತು, ನಿಂದು ಹೋಯ್ತು."

"ಗಂಜಿ ಕೊಟ್ಟಿದ್ದಿಯಲ್ಲ ಅಕ್ಕಾ," ಎಂದಳು ಭೀಮಮ್ಮ. "ಅದೇ ಮಾತಾಡಿದಂಗ ಆಯ್ತು."

ಜಬೀನ್ ಸಂಜೆಯ ಗಾಡಿಗೆ ಹೋಗಲಿಲ್ಲ.

ಆ ಶನಿವಾರ ಭೀಮಮ್ಮ ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಕೋಡ್ಲಾಕ್ಕೆ ಹೋದಳು. ಗಂಡ ಹೋದ ಮೇಲೆ ಅವಳು ಅಲ್ಲಿಗೆ ಹೋದದ್ದು ಅದೇ ಮೊದಲು. ಸಾಬಣ್ಣ ಸಿಮೆಂಟ್ ಕಂಪನಿಯಲ್ಲಿ ಗುತ್ತಿಗೆದಾರನ ಕಡೆ ಕಸ ಹೊಡೆಯುವ ಕೆಲಸಕ್ಕಿದ್ದ. ಅಣ್ಣನ ಮನೆಯ ಹಿಂದಿನ ತಗಡಿನ ಕೋಣೆಯಲ್ಲಿ ಇರುತ್ತಿದ್ದ. ಇಳಿದುಹೋಗಿದ್ದ. ಕೆಮ್ಮು ಜಾಸ್ತಿಯಾಗಿತ್ತು. ಅವಳನ್ನು ಕಂಡು ಮೊದಲು ಮಂಚದ ಮೇಲಿನ ಬಟ್ಟೆ ಸರಿಸಿ ಜಾಗ ಮಾಡಿದ.

ಜಬೀನ್ ಹೇಳಿದ್ದನ್ನು ಅವಳು ಇದ್ದದ್ದು ಇದ್ದಹಾಗೆ ಹೇಳಿದಳು.

"ಯವ್ವಾ ಅಂದನೇನು?" ಎಂದು ಸಾಬಣ್ಣ ಕೇಳಿದ.

"ಹೂಂ."

ಅವನು ಅಂಗೈಯಿಂದ ಮುಖ ಒರೆಸಿಕೊಂಡ. ಇಬ್ಬರೂ ಮಂಚದ ಎರಡು ತುದಿಯಲ್ಲಿ ಕುಳಿತಿದ್ದರು. ತಗಡಿನ ಮೇಲೆ ಕಂಪನಿಯ ಬೂದಿಬಣ್ಣದ ಧೂಳು ಮಳೆಗೆ ಕರಗಿ ಇಳಿಯುತ್ತಿತ್ತು.

"ಇನ್ನೂ ವಾಡಿಗಿ ಹೋಗ್ತೀಯೇನು?"

"ಹೋಗ್ತೀನಿ."

"ಏನ್ ಕೇಳ್ತಿ ಅಲ್ಲಿ ಹೋಗಿ?"

"ಏನೂ ಕೇಳಂಗಿಲ್ರಿ. ಕೇಳೂದು ಬಿಟ್ಟು ಒಂದು ವರ್ಷದ ಮ್ಯಾಲ ಆಯ್ತು." ಅವಳು ಸ್ವಲ್ಪ ಯೋಚಿಸಿದಳು. "ಮೊದಲು ಮಗನ್ನ ಕೊಟ್ಟಾನಂತ ಹೋಗ್ತಿದ್ದೆ. ಈಗ ಕೊಡೂದು ತಗೋಳೂದು ಏನೂ ಉಳದಿಲ್ಲ. ಆದ್ರೂ ಅಲ್ಲಿ ಹೋಗಿ ಕುಂತ್ರ, ಒಬ್ಬಾಕೀನೇ ಅದೀನಿ ಅಂತ ಅನಸಂಗಿಲ್ಲ. ಮನ್ಯಾಗ ಅನಸ್ತದ, ಕೆಲಸದಾಗ ಅನಸ್ತದ. ಅಲ್ಲಿ ಅನಸಂಗಿಲ್ಲ. ಅಷ್ಟೇ ನನಗ ಗೊತ್ತಿರೂದು."

ಸಾಬಣ್ಣ ತಲೆಯಾಡಿಸಿದ. "ನನಗ ನಿನ್ನಂಗ ಆಗಂಗಿಲ್ಲ ಭೀಮವ್ವ. ನಾ ದೇವರ ಜೋಡಿ ಇನ್ನೂ ಜಗಳದಾಗ ಅದೀನಿ."

"ಇರ್ರಿ," ಎಂದಳು ಅವಳು. "ಜಗಳ ಮಾಡಾಕರ ಅವ ಇದ್ದಾನಂತ ಆಯ್ತಲ್ಲ."

ಅವನ ಮುಖದಲ್ಲಿ ನಗುವಿನಂಥದ್ದು ಬಂದು ಹೋಯಿತು. ಭಂಕೂರಕ್ಕೆ ಬಾ ಎಂದು ಅವಳು ಕರೆಯಲಿಲ್ಲ, ಬರುತ್ತೇನೆ ಎಂದು ಅವನೂ ಹೇಳಲಿಲ್ಲ. ಎದೆಯ ಫೋಟೊ ತೆಗೆಸಬೇಕು, ಬುಧವಾರ ಬಂದು ಸೇಡಂ ದವಾಖಾನೆಗೆ ಕರೆದುಕೊಂಡು ಹೋಗುತ್ತೇನೆ ಎಂದಳು. ಅವನು ಹೂಂ ಎಂದ. ಬಸ್ ನಿಲ್ದಾಣದವರೆಗೆ ಜೊತೆಗೆ ಬಂದು, ಬಸ್ಸು ತಿರುಗುವವರೆಗೆ ನಿಂತಿದ್ದ.

ಮರುದಿನ ವಾಡಿಯ ಚರ್ಚಿನಲ್ಲಿ ಆರು ಜನ. ಮಳೆಗೆ ಬಹಳ ಮಂದಿ ಬಂದಿರಲಿಲ್ಲ. ಪ್ರಸಂಗ ಮುಗಿದ ಮೇಲೆ ಶಾಂತಪ್ಪನವರು ಎಂದಿನಂತೆ, ಯಾರಾದರೂ ಪ್ರಾರ್ಥನೆ ಮಾಡುವವರಿದ್ದರೆ ಮಾಡಬಹುದು ಎಂದು ಕಣ್ಣು ಮುಚ್ಚಿದರು. ಎರಡನೆಯ ಬೆಂಚಿನಲ್ಲಿ ಭೀಮಮ್ಮ ಎದ್ದು ನಿಂತಳು. ಅವರು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡರು.

"ಯಪ್ಪಾ," ಎಂದಳು ಭೀಮಮ್ಮ. ದನಿ ಒರಟಾಗಿತ್ತು. "ಜಬೀನ್ ಬಂದಾಳ. ಅಕಿ ಕೂಸಿಗಿ ಆರಾಮ ಇಡು. ಫೈಜಾನ್ ಹೆಣ್ತೀನ ಛಲೋ ನೋಡ್ಕೊಳ್ಳಲಿ. ಇಮಾಮ್ಬೀ ಅಕ್ಕನ ಮೊಣಕಾಲು ಭಾಳ ನೋಯ್ತಾವ, ನೋಡು. ಕೋಡ್ಲಾದಾಗ ನನ್ನ ಗಂಡ ಹಾನ. ಅವನ ಕೆಮ್ಮು ನಿನಗೂ ಕೇಳಸ್ತಿರಬೇಕು. ಅವ ಸಿಟ್ಟ ಮಾಡ್ಯಾನ, ನೀ ಮಾಡಬ್ಯಾಡ. ಇನ್ನ ನನ್ನ ಸಲುವಾಗಿ…"

ಅಲ್ಲಿಗೆ ಮಾತು ನಿಂತಿತು. ಅವಳು ಹುಡುಕಿದಳು, ಸಿಗಲಿಲ್ಲ. ಹಂಚಿನ ಮೇಲೆ ಮಳೆಯ ಸದ್ದು, ಜಂಕ್ಷನ್ನಿನಲ್ಲಿ ಎಂಜಿನ್ನಿನ ಕೂಗು ಕೇಳುತ್ತಿತ್ತು. ಉಳಿದ ಐವರೂ ಕಣ್ಣು ಮುಚ್ಚಿ ಕಾದರು, ಯಾರೂ ಆಮೆನ್ ಎಂದು ಮುಂದಾಗಲಿಲ್ಲ. ಭೀಮಮ್ಮ ಮುಂದಿನ ಬೆಂಚಿನ ಬೆನ್ನು ಹಿಡಿದು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಸೆರಗು ಸರಿಮಾಡಿಕೊಂಡು ಕುಳಿತಳು.